ಕಂಟ್ರೋಲ್ ಪಾಸ್ ಆಗಿತ್ತು, ರಕ್ತವೇ ಕೆಟ್ಟಿತ್ತು

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಅತ್ತಿಗೆಯ ರಕ್ತದ ರಿಪೋರ್ಟ್ ಮೊಬೈಲಿಗೆ ಬಂತು. ಪೊಟ್ಯಾಸಿಯಂ 7.6. ಇರಬೇಕಾದದ್ದು 3.5ರಿಂದ 5ರ ಆಸುಪಾಸು. 7 ದಾಟಿತು ಅಂದರೆ ಹೃದಯ ಯಾವ ಗಳಿಗೆಯಲ್ಲಾದರೂ ತಾಳ ತಪ್ಪಬಹುದು. ಅಣ್ಣ ಆಗಲೇ ಶಿವಮೊಗ್ಗಕ್ಕೆ ಹೋಗಲು ಕಾರು ಹೇಳಿಯಾಗಿತ್ತು. ಅತ್ತಿಗೆ ಮಾತ್ರ ಅಡುಗೆಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು.

ನಾನು 31 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವನು. ಕಣ್ಣು ಸುಮ್ನೆ ಇರಲಿಲ್ಲ, ಎರಡು ಸಾಲು ಕೆಳಗೆ ಹೋಯಿತು. ಕ್ಯಾಲ್ಸಿಯಂ 5.1. ಇದು 9ರ ಹತ್ತಿರ ಇರಬೇಕು. ನಿಜವಾಗಿ 5ಕ್ಕೆ ಇಳಿದಿದ್ದರೆ ಕೈಬೆರಳು ಸೆಟೆದುಕೊಂಡು ರೊಟ್ಟಿ ತಟ್ಟೋದು ಹಾಗಿರಲಿ, ಲೋಟ ಹಿಡಿಯೋದೂ ಕಷ್ಟ. ಪೊಟ್ಯಾಸಿಯಂ ಮೇಲೆ, ಕ್ಯಾಲ್ಸಿಯಂ ಕೆಳಗೆ. ಈ ಜೋಡಿ ನನಗೆ ಹಳೇ ಪರಿಚಯ. ಆದರೂ ಮನೆಯಲ್ಲೇ ಕೂತು ತೀರ್ಪು ಕೊಡೋ ವಿಷಯ ಅಲ್ಲ ಅಲ್ವಾ? ಊರಿನ ಡಾಕ್ಟರ ಹತ್ತಿರ ಇಸಿಜಿ ಮಾಡಿಸಿದೆವು, ಸರಿಯಾಗಿತ್ತು. ಹೊಸದಾಗಿ ರಕ್ತ ತೆಗೆಸಿದೆವು: ಪೊಟ್ಯಾಸಿಯಂ 4.3, ಕ್ಯಾಲ್ಸಿಯಂ 9.2.

ಆಗಿದ್ದಿಷ್ಟೇ. ಕಲೆಕ್ಷನ್ ಸೆಂಟರಿನ ಹುಡುಗನಿಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ನೋಡುವ ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲದೆ ಬಂದಿತ್ತು. ನೇರಳೆ ಮುಚ್ಚಳದ್ದರಿಂದ ಚೂರು ಸುರಿದು ಅಳತೆ ಸರಿ ಮಾಡಿದ. ‘ಎರಡೂ ಅವರದೇ ರಕ್ತ ತಾನೆ ಸರ್?’ ಅಂದ. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಹಾಕಿರುತ್ತಾರೆ. ಅದು ಪೊಟ್ಯಾಸಿಯಂ ಉಪ್ಪು, ಜೊತೆಗೆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಚೂರು ಬೆರೆತರೂ ಲೆಕ್ಕ ತಲೆಕೆಳಗು.

ನಾನು ಈ ಪತ್ರ ಬರೆಯಲು ಕಾರಣ ಆ ಹುಡುಗ ಅಲ್ಲ. ಲ್ಯಾಬಿಗೆ ಹೋಗಿ ಕೇಳಿದಾಗ ಮ್ಯಾನೇಜರ್ ಕೊಟ್ಟ ಉತ್ತರ: ‘ನಮ್ಮ ಕಂಟ್ರೋಲ್ ಪಾಸ್ ಆಗಿದೆ ಸರ್, ನೋಡಿ.’ ಚಾರ್ಟ್ ತೋರಿಸಿದರು. ನಿಜ, ಪಾಸ್ ಆಗಿತ್ತು. ಚುಕ್ಕಿಗಳೆಲ್ಲ ನಡುಗೆರೆಯ ಅಕ್ಕಪಕ್ಕ ಚೆನ್ನಾಗಿ ಕೂತಿದ್ದವು.

ಓದುಗರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಕಂಟ್ರೋಲ್ ಅಂದರೆ ಉತ್ತರ ಮೊದಲೇ ಗೊತ್ತಿರುವ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ). ನಮ್ಮ ಕಾಲದಲ್ಲಿ ಪುಡಿಯಾಗಿ ಬರುತ್ತಿತ್ತು. 5 ಎಂಎಲ್ ಡಿಸ್ಟಿಲ್ಡ್ ವಾಟರ್ ಹಾಕಿ, ಕುಲುಕದೆ, ನೊರೆ ಏಳದ ಹಾಗೆ ಮೆಲ್ಲಗೆ ತಿರುಗಿಸಿ ಅರ್ಧ ಗಂಟೆ ಬಿಡಬೇಕು. ಬೆಳಿಗ್ಗೆ ರೋಗಿಗಳ ಸ್ಯಾಂಪಲ್‌ಗಿಂತ ಮೊದಲು ಅದನ್ನು ಮಷೀನಿಗೆ ಹಾಕಿ, ಬಂದ ಅಂಕಿಯನ್ನು ಚಾರ್ಟಿನಲ್ಲಿ ಚುಕ್ಕಿ ಇಡಬೇಕು. ಲೆವಿ, ಜೆನ್ನಿಂಗ್ಸ್ ಅನ್ನುವವರು 1950ರಲ್ಲಿ ತಂದ ಪದ್ಧತಿ. ಒಂದು ಚುಕ್ಕಿ ಮಿತಿಯ ಗೆರೆ ದಾಟಿದರೆ ಮಾತ್ರ ತಪ್ಪು ಅಂತಲ್ಲ. ದಿನಾ ಒಂದೇ ಕಡೆಗೆ ಬೀಳುತ್ತಿದ್ದರೂ ಮಷೀನಿನ ದೀಪವೋ ಪರೀಕ್ಷೆಗೆ ಹಾಕುವ ರಾಸಾಯನಿಕವೋ (ರೀಏಜೆಂಟ್) ಹಳೆಯದಾಗಿದೆ ಅಂತ ಅನುಮಾನಪಡಬೇಕು.

ಇದರಲ್ಲೂ ಕಳ್ಳಾಟ ಇದೆ. ನಾನೂ ಆಡಿದ್ದೇನೆ. ಕಂಟ್ರೋಲ್ ಹೊರಗೆ ಬಂತಾ, ಇನ್ನೊಮ್ಮೆ ಓಡಿಸು. ಆಗಲೂ ಬರಲಿಲ್ಲವಾ, ಮತ್ತೊಮ್ಮೆ. ಮೂರನೇ ಸಲ ಒಳಗೆ ಬಿದ್ದರೆ ಅದನ್ನೇ ಬರೆದುಕೊ. ಹೊರಗೆ ನಲವತ್ತು ಜನ ಖಾಲಿ ಹೊಟ್ಟೆಯಲ್ಲಿ ಕೂತಿರುತ್ತಿದ್ದರು, ಇನ್ನೇನು ಮಾಡೋದು? ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಿಂದ, ನಮ್ಮ ಲ್ಯಾಬಿನ ಲೆಕ್ಕ ಸರಿಯಿದೆಯಾ ಅಂತ ನೋಡುವ ತಿಂಗಳ ಪರೀಕ್ಷೆಗೆ ಬರುತ್ತಿದ್ದ ಬಾಟಲಿಗಂತೂ ಅಳಿಯನ ಉಪಚಾರ. ಅದನ್ನು ಸೀನಿಯರ್ರೇ ಮಾಡಬೇಕು, ಎರಡೆರಡು ಸಲ ನೋಡಬೇಕು. ರೋಗಿಯ ರಕ್ತಕ್ಕೆ ಆ ಭಾಗ್ಯ ಇರಲಿಲ್ಲ.

ಆದರೆ ಎಷ್ಟೇ ಪ್ರಾಮಾಣಿಕವಾಗಿ ಮಾಡಿದರೂ ಕಂಟ್ರೋಲ್ ಹೇಳೋದು ಮಷೀನಿನ ಕತೆ. ಆ ಬಾಟಲಿಗೆ ಯಾರೂ ಸೂಜಿ ಚುಚ್ಚಿಲ್ಲ, ಅದು ಬಸ್ಸಿನ ಸೀಟಿನ ಕೆಳಗೆ ಬಿಸಿಲಲ್ಲಿ ಬಂದಿಲ್ಲ. ಟ್ಯೂಬ್ ಲ್ಯಾಬಿನ ಬಾಗಿಲಿಗೆ ಬರುವ ಮೊದಲೇ ಆದ ಎಡವಟ್ಟು ಚಾರ್ಟಿನಲ್ಲಿ ಕಾಣೋದಿಲ್ಲ. ಕಾಣಬೇಕಾದದ್ದು ಸಹಿ ಹಾಕುವವರ ಕಣ್ಣಿಗೆ. ಅತ್ತಿಗೆಯ ರಿಪೋರ್ಟಿನಲ್ಲಿ ಸಹಿ ಇತ್ತು, ಕಂಪ್ಯೂಟರ್ ಹಾಕಿದ್ದು. 7.6 ಬಂದಾಗ ಒಂದು ಫೋನ್ ಕೂಡ ಬರಲಿಲ್ಲ.

ನಮ್ಮ ರಾಜ್ಯದಲ್ಲಿ ಖಾಸಗಿ ಲ್ಯಾಬುಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ತಪಾಸಣೆಗೆ ಬರುವ ಅಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಗೋಡೆಯ ಸರ್ಟಿಫಿಕೇಟು, ಕಂಟ್ರೋಲ್ ಚಾರ್ಟು ನೋಡಿದ ಮೇಲೆ ‘ವಾಪಸ್ ಕಳಿಸಿದ ಸ್ಯಾಂಪಲ್‌ಗಳ ಪುಸ್ತಕ ಕೊಡಿ’ ಅಂತ ಕೇಳಿ. ರಕ್ತಕಣ ಒಡೆದು ಕೆಂಪಾದ ಸೀರಂ, ಸಾಲದ ರಕ್ತ, ಹೆಸರಿಲ್ಲದ ಟ್ಯೂಬು ಯಾವ ಲ್ಯಾಬಿಗೂ ಬಂದೇ ಬರುತ್ತವೆ. ಆ ಪುಸ್ತಕ ಖಾಲಿ ಇದ್ದರೆ, ಅವರು ಬಂದದ್ದನ್ನೆಲ್ಲ ಮಷೀನಿಗೆ ಹಾಕುತ್ತಿದ್ದಾರೆ ಅಂತಲೇ ಅರ್ಥ. ಹಾಗೇ ಕಲೆಕ್ಷನ್ ಸೆಂಟರಿನ ಹುಡುಗರಿಗೆ ಯಾವ ಮುಚ್ಚಳದ ಟ್ಯೂಬಿನಲ್ಲಿ ಏನಿದೆ ಅಂತ ಒಂದು ಮಾತು ಕೇಳಿ. ಹತ್ತು ನಿಮಿಷವೂ ಬೇಕಾಗಿಲ್ಲ.

– ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ತೀರ್ಥಹಳ್ಳಿ