ಮೊದಲು ಹಣ ಕಟ್ಟಿದವರಿಗೇ ಕೊನೆಯ ಸರದಿ ಏಕೆ?

ಮಾನ್ಯ ಸಂಪಾದಕರೇ,

ಕಳೆದ ವರ್ಷ, ಅಂದರೆ 2025ರ ಗಣೇಶ ಚತುರ್ಥಿಗೆ ಎರಡು ದಿನ ಮುಂಚೆ, ನನ್ನ ಮಗ ತಾನು ಕೂಡಿಟ್ಟಿದ್ದ 15,999 ರೂಪಾಯಿಗಳನ್ನು ಒಂದು ಸಣ್ಣ ಕಂಪನಿಗೆ ಕಟ್ಟಿ, ಹುಡುಗರು ಹ್ಯಾಂಡ್‌ಹೆಲ್ಡ್ ಎಂದು ಕರೆಯುವ, ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಸಾಧನವೊಂದನ್ನು ಮುಂಗಡವಾಗಿ ಕಾಯ್ದಿರಿಸಿದ. ದೀಪಾವಳಿಗೆ ಮೊದಲೇ ಮನೆಗೆ ತಲುಪಿಸುವುದಾಗಿ ರಸೀದಿಯಲ್ಲೇ ಬರೆದಿತ್ತು. ದೀಪಾವಳಿ ಕಳೆಯಿತು, ಸಂಕ್ರಾಂತಿ ಕಳೆಯಿತು, ಯುಗಾದಿಯೂ ಕಳೆದು ಈಗ ಮಳೆಗಾಲ ಶುರುವಾಗಿದೆ. ಸಾಧನ ಬರಲಿಲ್ಲ. ಬಂದದ್ದು, ಬಿಡಿಭಾಗಗಳ ಬೆಲೆ ಏರಿರುವುದರಿಂದ ಇನ್ನೂ 3,500 ರೂಪಾಯಿ ಕಟ್ಟಬೇಕು, ಇಲ್ಲವಾದರೆ ಆರ್ಡರ್ ರದ್ದುಪಡಿಸಿಕೊಳ್ಳಬಹುದು ಎನ್ನುವ ಪತ್ರ. ರದ್ದುಪಡಿಸಿದರೆ ಶೇ 8ರಷ್ಟು ಹಣ ಕಡಿತವಾಗುತ್ತದೆ, ಉಳಿದದ್ದು 90 ಕೆಲಸದ ದಿನಗಳಲ್ಲಿ ಮರಳುತ್ತದೆ ಎಂಬ ಮಾತು ಆ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿದೆ.

ಈ ಹಣ ಎಲ್ಲಿಂದ ಬಂತೆಂಬುದನ್ನು ಹೇಳಬೇಕು. ಮಗ ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದಾನೆ. ಸಂಜೆ ಹೊತ್ತು ನಮ್ಮ ಬಿಲ್ಡಿಂಗಿನ ಏಳನೆಯ, ಎಂಟನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾನೆ. ತಿಂಗಳಿಗೆ ಬಂದಷ್ಟನ್ನು ಅವನ ತಾಯಿಯ ಕೈಗೆ ಕೊಡುತ್ತಿದ್ದ; ಆಕೆ ಅದನ್ನು ಕಪಾಟಿನ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದಳು. ಒಂದೂವರೆ ವರ್ಷದ ಉಳಿತಾಯ ಅದು. ನನ್ನ ಖಾತೆಯ ಮೂಲಕ ಕಟ್ಟಿದ್ದರಿಂದ ರಸೀದಿ ನನ್ನ ಹೆಸರಿನಲ್ಲಿದೆ ಅಷ್ಟೆ. ಅಡುಗೆಮನೆಯ ಗೋಡೆಯಲ್ಲಿ ತೂಗುವ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಅವನು ಅಕ್ಟೋಬರ್ 15ರ ಸುತ್ತ ನೀಲಿ ಪೆನ್ನಿನಿಂದ ಗೆರೆ ಎಳೆದಿದ್ದ. ಕಂಪನಿಯ ಮೊದಲ ಪತ್ರ ಬಂದ ಮೇಲೆ ಅದನ್ನು ಹೊಡೆದುಹಾಕಿ ಡಿಸೆಂಬರ್ 20ಕ್ಕೆ ಗುರುತು ಹಾಕಿದ. ಹೊಸ ವರ್ಷದ ಕ್ಯಾಲೆಂಡರ್ ಬಂದಾಗ ಫೆಬ್ರವರಿಯಲ್ಲೊಂದು ಗುರುತು ಬಿತ್ತು. ಆಮೇಲೆ ಅವನು ಗುರುತು ಹಾಕುವುದನ್ನೇ ಬಿಟ್ಟ.

ತಡವಾದದ್ದಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಮಗ ಕಾಲೇಜಿನ ಪ್ರಾಜೆಕ್ಟಿಗೆ ಬೇಕಾದ ಒಂದು ಪವರ್ ಸಪ್ಲೈ ಕೊಳ್ಳಲು ಗೆಳೆಯನೊಂದಿಗೆ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಮುಂಬಯಿಯ ಎಲೆಕ್ಟ್ರಾನಿಕ್ ಸಾಮಾನುಗಳ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗಿದ್ದ. ಅಲ್ಲಿನ ಅಂಗಡಿಯೊಂದರ ಗಾಜಿನ ಶೋಕೇಸಿನಲ್ಲಿ, ತಾನು ಏಳು ತಿಂಗಳಿಂದ ಕಾಯುತ್ತಿದ್ದ ಅದೇ ಸಾಧನ, ಅದೇ ಬಣ್ಣದ್ದು, 21,999 ರೂಪಾಯಿಯ ಚೀಟಿ ಅಂಟಿಸಿಕೊಂಡು ಕೂತಿತ್ತು. ಕೇಳಿದ್ದಕ್ಕೆ ಅಂಗಡಿಯವರು ಹೊರತೆಗೆದು ಕೈಗೂ ಕೊಟ್ಟರು. ಹಿಂದಿನ ವಾರವಷ್ಟೇ ಹತ್ತು ಪೀಸು ಬಂದಿದ್ದವು, ನಾಲ್ಕು ಉಳಿದಿವೆ, ಬೇಕಾದರೆ ಈಗಲೇ ಒಯ್ಯಬಹುದು ಎಂದರು. ಮಗ ಪೆಟ್ಟಿಗೆಯ ಹಿಂಬದಿಯ ಲೇಬಲ್ಲಿನ ಫೋಟೊ ತೆಗೆದುಕೊಂಡು ಬಂದ. ಪೊಟ್ಟಣಗಳ ಮೇಲೆ ಏನೇನು ನಮೂದಿಸಬೇಕೆಂದು 2011ರ ಕಾನೂನು ಮಾಪನ ನಿಯಮಗಳು ಹೇಳುತ್ತವಲ್ಲ, ಅದರಂತೆ ಅಲ್ಲಿ ತಯಾರಿಕೆಯ ತಿಂಗಳು ಅಚ್ಚಾಗಿತ್ತು: ಜನವರಿ 2026. ಆದರೆ ಜನವರಿಯ ಕೊನೆಯ ವಾರ ನಮಗೆ ಬಂದ ಪತ್ರದಲ್ಲಿ, ಕಾರ್ಖಾನೆಯಲ್ಲಿ ಜೋಡಣೆಯ ಕೆಲಸ ಇನ್ನೂ ಶುರುವಾಗಿಲ್ಲ, ದಯವಿಟ್ಟು ಸಹಕರಿಸಿ ಎಂದು ಬರೆದಿದ್ದರು. ಮನೆಗೆ ಬಂದು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅವನು ಕೇಳಿದ ಮಾತು: “ಅಪ್ಪ, ನಾವು ಮೊದಲೇ ದುಡ್ಡು ಕೊಟ್ಟದ್ದೇ ತಪ್ಪಾಯ್ತಾ?”

ನನಗೆ ಉತ್ತರ ಹೊಳೆಯಲಿಲ್ಲ. ಆವತ್ತಿನಿಂದ ಇದು ಆಟದ ಸಾಮಾನಿನ ವಿಷಯವಾಗಿ ನನಗೆ ಉಳಿದಿಲ್ಲ.

ಸಣ್ಣ ಕಂಪನಿಗಳ ಕಷ್ಟ ತಿಳಿಯದೆ ನಾನು ಮಾತನಾಡುತ್ತಿಲ್ಲ. ಅಂಬರ್‌ನಾಥ್ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಬಿಡಿಭಾಗ ತಯಾರಿಸುವ ಪುಟ್ಟ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ 26 ವರ್ಷ ದುಡಿದಿದ್ದೇನೆ. ಇಂಥ ಸಾಧನದ ಹೊರಕವಚಕ್ಕೆ ಬೇಕಾಗುವ ಡೈ, ಅಂದರೆ ಅಚ್ಚು, ಮಾಡಿಸಲು ಎಷ್ಟು ಲಕ್ಷ ತಗಲುತ್ತದೆ, ಗುಂಡಿಯೊಂದು ಕೂದಲೆಳೆಯಷ್ಟು ಬಿಗಿಯಾದರೆ ಆ ಡೈಯನ್ನು ಮತ್ತೆ ಟೂಲ್‌ರೂಮಿಗೆ ಕಳಿಸಿ ಎಷ್ಟು ವಾರ ಕಾಯಬೇಕಾಗುತ್ತದೆ ಎನ್ನುವುದು ನನಗೆ ಗೊತ್ತು. ದೊಡ್ಡ ಕಂಪನಿ ಲಕ್ಷಗಟ್ಟಲೆ ಪರದೆಗಳನ್ನು ಒಟ್ಟಿಗೆ ಕೊಳ್ಳುವಾಗ ಎರಡು ಸಾವಿರ ಪರದೆ ಕೇಳುವವನಿಗೆ ಸರದಿಯ ಕೊನೆಯಲ್ಲಿ ನಿಲ್ಲುವುದು ತಪ್ಪದು. ಲಿಥಿಯಂ ಬ್ಯಾಟರಿ ಇರುವ ಸರಕನ್ನು ವಿಮಾನದಲ್ಲಿ ಕಳಿಸಲು ಬೇರೆಯೇ ಕಟ್ಟುಪಾಡುಗಳಿವೆ. ನಮ್ಮ ದೇಶದಲ್ಲಿ ವಿಡಿಯೊ ಗೇಮ್ ಸಾಧನಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿಯೂ ಕಡ್ಡಾಯ. ಹೀಗೆ ತಡವಾಗಲು ನೂರು ದಾರಿಗಳಿವೆ, ಅವುಗಳಲ್ಲಿ ಬಹಳಷ್ಟು ಪ್ರಾಮಾಣಿಕವಾದವು.

ಆದರೆ ನಮ್ಮ ಕಾರ್ಖಾನೆ ತಡಮಾಡಿದಾಗ ಅದರ ಬೆಲೆ ತೆರುತ್ತಿದ್ದದ್ದು ನಾವೇ. ಪರ್ಚೇಸ್ ಆರ್ಡರಿನಲ್ಲಿ ಕೊಟ್ಟ ದಿನಾಂಕ ಮೀರಿದರೆ ವಾರಕ್ಕೆ ಶೇ ಅರ್ಧದಂತೆ ಗಿರಾಕಿಗಳು ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಿದ್ದರು, ನಾವು ಒಪ್ಪಿಕೊಳ್ಳುತ್ತಿದ್ದೆವು. ಅವರಿಂದ ನಾವು ಪಡೆಯುತ್ತಿದ್ದ ಮುಂಗಡವೂ ಮೊತ್ತದ ಮೂರನೆಯ ಒಂದು ಪಾಲಿಗಿಂತ ಹೆಚ್ಚಿರುತ್ತಿರಲಿಲ್ಲ. ಕಾರ್ಖಾನೆ ಮತ್ತು ಕಾರ್ಖಾನೆಯ ನಡುವೆ ಇಷ್ಟು ಶಿಸ್ತು ಇರುವಾಗ, ಪೂರ್ತಿ ಹಣವನ್ನು ಮೊದಲೇ ಕೊಟ್ಟ ವಿದ್ಯಾರ್ಥಿಯ ವಿಷಯದಲ್ಲಿ ಮಾತ್ರ ತಡವಾದದ್ದಕ್ಕೆ ಅವನೇ ದಂಡ ತೆರಬೇಕು ಎನ್ನುವುದು ಯಾವ ವ್ಯಾಪಾರ ಧರ್ಮ?

ಬೆಲೆಯೇರಿಕೆಗೆ ಕಂಪನಿ ಕೊಟ್ಟ ಕಾರಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೆಮೊರಿ ಚಿಪ್‌ಗಳು ತುಟ್ಟಿಯಾಗಿವೆ ಎಂದು ಅವರು ಬರೆದಿದ್ದಾರೆ. ಅದು ಸುಳ್ಳಲ್ಲ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳ ಬೇಡಿಕೆ ಹೆಚ್ಚಿ, ಚಿಪ್ ತಯಾರಕರು ಆ ಕಡೆಗೆ ವಾಲಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಮೆಮೊರಿಯ ಬೆಲೆ ಏರಿತು. ಆದರೆ ಅಕ್ಟೋಬರ್ ಮಧ್ಯದಲ್ಲಿ ಗಿರಾಕಿಯ ಮನೆ ತಲುಪಬೇಕಿದ್ದ ಸಾಧನದ ಚಿಪ್‌ಗಳು ಸೆಪ್ಟೆಂಬರಿನ ಒಳಗೇ ಕಾರ್ಖಾನೆಯ ಉಗ್ರಾಣದಲ್ಲಿ ಇರಬೇಕಿತ್ತು. ನಮ್ಮ ಹಣ ಆಗಸ್ಟಿನಲ್ಲೇ ಅವರ ಕೈಸೇರಿತ್ತು. ಆ ಹಣದಿಂದ ಆಗಲೇ ಮಾಲು ಕೊಂಡಿದ್ದರೆ ಏರಿದ ಬೆಲೆ ಅವರನ್ನು ತಟ್ಟುತ್ತಲೇ ಇರಲಿಲ್ಲ. ಕೊಳ್ಳಲಿಲ್ಲವೆಂದಾದರೆ ಆ ಹಣ ಏನಾಯಿತು ಎನ್ನುವ ಪ್ರಶ್ನೆ ಏಳುತ್ತದೆ. ಎರಡು ಬಾರಿ ಲಿಖಿತವಾಗಿ ಕೇಳಿದ್ದೇನೆ, ಉತ್ತರವಿಲ್ಲ. ತಮ್ಮ ವಿಳಂಬದಿಂದ ಹುಟ್ಟಿದ ನಷ್ಟವನ್ನು ಆ ವಿಳಂಬವನ್ನು ಅನುಭವಿಸಿದವನಿಂದಲೇ ವಸೂಲು ಮಾಡುವುದನ್ನು ಬೆಲೆ ಪರಿಷ್ಕರಣೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈ ಕ್ಷೇತ್ರದಲ್ಲಿ ವಿಳಂಬ ಹೊಸದೂ ಅಲ್ಲ. ಪಂಡೋರಾ ಎಂಬ ಅಂಗೈ ಕಂಪ್ಯೂಟರಿಗೆ 2008ರಲ್ಲಿ ಹಣ ಕಟ್ಟಿದವರಲ್ಲಿ ಮೊದಲಿಗರಿಗೆ ಅದು ದೊರೆತದ್ದು 2010ರಲ್ಲಿ. ಹಾಗೆಂದು ಎಲ್ಲರೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಅಮೆರಿಕದ ಪೋರ್ಟ್‌ಲೆಂಡಿನ ಪ್ಯಾನಿಕ್ ಎಂಬ ಸಣ್ಣ ಕಂಪನಿ 2021ರ ಜುಲೈನಲ್ಲಿ ಪ್ಲೇಡೇಟ್ ಎಂಬ ಪುಟ್ಟ ಹಳದಿ ಸಾಧನಕ್ಕೆ ಮುಂಗಡ ಪಡೆಯಿತು. ತಯಾರಾದ ಮೊದಲ ಕಂತಿನ ಬ್ಯಾಟರಿಗಳಲ್ಲಿ ದೋಷ ಕಂಡಾಗ, ಏನು ಕೆಟ್ಟಿದೆ, ಏಕೆ ತಡವಾಗುತ್ತದೆ ಎಂಬುದನ್ನು ನವೆಂಬರಿನಲ್ಲಿ ಬಹಿರಂಗವಾಗಿ ತಿಳಿಸಿ, ಬ್ಯಾಟರಿಗಳನ್ನು ಬದಲಿಸಿ, 2022ರ ಏಪ್ರಿಲ್‌ನಿಂದ ಕಳಿಸತೊಡಗಿತು. 2023ರಲ್ಲಿ 179 ಡಾಲರಿನ ಬೆಲೆಯನ್ನು 199ಕ್ಕೆ ಏರಿಸಬೇಕಾಗಿ ಬಂದಾಗ ಮುಂಚಿತವಾಗಿಯೇ ದಿನಾಂಕ ಹೇಳಿತು. ಅದಕ್ಕೆ ಮೊದಲು ಆರ್ಡರ್ ಮಾಡಿದವರಿಗೆ ಹಳೆಯ ಬೆಲೆಯನ್ನೇ ಉಳಿಸಿತು. ಅಲ್ಲೂ ತಡವಾಯಿತು, ಅಲ್ಲೂ ಬೆಲೆ ಏರಿತು. ಆದರೂ ಮೊದಲು ಬಂದವರ ಸರದಿಯನ್ನೂ ಅವರಿಗೆ ಕೊಟ್ಟ ಮಾತನ್ನೂ ಮುರಿಯಲಿಲ್ಲ. ನಮ್ಮ ಮುಂಗಡ ಪಡೆದ ಕಂಪನಿಯಿಂದ ನಾನು ಕೇಳುತ್ತಿರುವುದು ಇದಕ್ಕಿಂತ ಒಂದು ಕಾಳೂ ಹೆಚ್ಚಿನದಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ ಎಂಬುದನ್ನು ಇಂಥ ತೊಂದರೆಯಲ್ಲಿರುವ ಇತರ ಓದುಗರ ಸಲುವಾಗಿ ತಿಳಿಸಬಯಸುತ್ತೇನೆ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಆನ್‌ಲೈನಿನಲ್ಲಿ ಮಾರುವವರ ದೂರು ಅಧಿಕಾರಿ 48 ಗಂಟೆಗಳಲ್ಲಿ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಕಂಪನಿ ತಾನಾಗಿ ಆರ್ಡರ್ ರದ್ದು ಮಾಡಿದಾಗ ಅಂಥದೇ ಶುಲ್ಕವನ್ನು ತಾನೂ ಭರಿಸದಿದ್ದರೆ, ಗ್ರಾಹಕನಿಂದ ರದ್ದತಿ ಶುಲ್ಕ ಮುರಿದುಕೊಳ್ಳುವಂತಿಲ್ಲ. ಹೀಗಿರುವಾಗ ಆ ಶೇ 8ರ ಕಡಿತಕ್ಕೆ ಆಧಾರವೇನು? ತೆರಿಗೆ ಏರಿದರೆ ಆ ವ್ಯತ್ಯಾಸವನ್ನು ಕೊಳ್ಳುವವನಿಂದ ಪಡೆಯಲು 1930ರ ಸರಕು ಮಾರಾಟ ಕಾಯ್ದೆಯಲ್ಲಿ ಅವಕಾಶವಿದೆ. ಚಿಪ್ ತುಟ್ಟಿಯಾಯಿತೆಂದು ಒಪ್ಪಿದ ಬೆಲೆಯನ್ನು ಒಬ್ಬರೇ ಕುಳಿತು ತಿದ್ದಲು ಅದರಲ್ಲಿ ಅವಕಾಶವಿಲ್ಲ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಕಂಪನಿ ಎಲ್ಲೇ ಇದ್ದರೂ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ.

ಆದರೆ ಇದೆಲ್ಲ ಕೆಟ್ಟ ಮೇಲಿನ ಚಿಕಿತ್ಸೆ. ಹಣ ಕೈಬಿಡುವ ಮೊದಲೇ ಅದಕ್ಕೊಂದು ಕಟ್ಟುಪಾಡು ಬೇಕು, ಮತ್ತು ಅದಕ್ಕೆ ಮಾದರಿ ಮುಂಬಯಿಯವರಾದ ನಮ್ಮ ಕಣ್ಣೆದುರೇ ಇದೆ. ಫ್ಲ್ಯಾಟಿಗೆ ಹಣ ಕಟ್ಟಿ ವರ್ಷಗಟ್ಟಲೆ ಬಾಡಿಗೆ ಮನೆಯಲ್ಲೇ ಕಾದ ಕುಟುಂಬಗಳು ಡೊಂಬಿವಲಿ, ಕಲ್ಯಾಣ, ವಸಯಿಗಳಲ್ಲಿ ಎಷ್ಟಿದ್ದವೆಂದು ಇಲ್ಲಿನ ಕನ್ನಡಿಗರಿಗೆ ನಾನು ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲೂ ಅದೇ ಕಥೆ. ಆ ಕಷ್ಟದಿಂದಲೇ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಬಂತು. ಲಿಖಿತ ಒಪ್ಪಂದವಿಲ್ಲದೆ ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ, ಪಡೆದ ಹಣದ ಶೇ 70ನ್ನು ಆ ಯೋಜನೆಗೇ ಮೀಸಲಾದ ಪ್ರತ್ಯೇಕ ಖಾತೆಯಲ್ಲಿಡಬೇಕು, ಹೇಳಿದ ದಿನಾಂಕಕ್ಕೆ ಮನೆ ಕೊಡದಿದ್ದರೆ ಬಡ್ಡಿ ತೆರಬೇಕು ಎಂದು ಅದು ವಿಧಿಸಿತು. ಎಲ್ಲವೂ ಸರಿಹೋಯಿತೆಂದು ನಾನು ಹೇಳುವುದಿಲ್ಲ, ಆದರೂ ಕೊಳ್ಳುವವನ ಕೈಯಲ್ಲಿ ಹಿಡಿಯಲು ಒಂದು ಕೋಲಾದರೂ ಬಂತು.

ಇನ್ನೂ ತಯಾರಾಗದ ವಸ್ತುಗಳಿಗೆ ಮುಂಗಡ ಪಡೆಯುವ ಕಂಪನಿಗಳಿಗೂ ಇಂಥದೇ ನಿಯಮವನ್ನು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ತರಬೇಕೆಂದು ನನ್ನ ಮನವಿ. ಸಾಧನ ಕಳಿಸುವವರೆಗೆ ಮೊತ್ತದ ಒಂದು ಸಣ್ಣ ಭಾಗವನ್ನಷ್ಟೇ ಪಡೆಯಲಿ. ದಿನಾಂಕ ಮೀರಿದರೆ ಗ್ರಾಹಕ ಕೇಳಿದ ವಾರದೊಳಗೆ ಪೂರ್ತಿ ಹಣ ಬಡ್ಡಿಯೊಂದಿಗೆ ಮರಳಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹಳೆಯ ಬೆಲೆಗೆ ಕಾಯ್ದಿರಿಸಿದವರಿಗೆ ಕೊಟ್ಟು ಮುಗಿಯುವ ತನಕ ಅದೇ ಸಾಧನವನ್ನು ಹೊಸ ಬೆಲೆಗೆ ಅಂಗಡಿಗೆ ಕಳಿಸುವಂತಿಲ್ಲ ಎಂಬ ಮಾತು ಆ ನಿಯಮದಲ್ಲಿ ಸ್ಪಷ್ಟವಾಗಿ ಇರಬೇಕು. ಇದರಿಂದ ಸಣ್ಣ ಉದ್ಯಮಗಳು ಬೆಳೆಯಲಾರವು ಎಂದು ಕೆಲವರು ಆಕ್ಷೇಪಿಸಬಹುದು. ಬಂಡವಾಳಕ್ಕೆ ಬ್ಯಾಂಕಿದೆ, ಹೂಡಿಕೆದಾರರಿದ್ದಾರೆ. ಅವರು ಬಡ್ಡಿಯನ್ನೋ ಪಾಲನ್ನೋ ಪಡೆದು ಅಪಾಯ ಹೊರುತ್ತಾರೆ. ನನ್ನ ಮಗನಿಗೆ ಬಡ್ಡಿಯೂ ಇಲ್ಲ, ಪಾಲೂ ಇಲ್ಲ, ಅಪಾಯ ಮಾತ್ರ ಅವನ ಪಾಲಿಗೆ ಬಂದಿದೆ.

ನಾವು 3,500 ರೂಪಾಯಿ ಕಟ್ಟಿಲ್ಲ, ಆರ್ಡರನ್ನೂ ರದ್ದುಪಡಿಸಿಲ್ಲ. ರಸೀದಿಯಲ್ಲಿರುವ ಬೆಲೆಗೆ ಸಾಧನ ಕೊಡಿ, ಇಲ್ಲವೇ ಅಕ್ಟೋಬರ್ 15ರಿಂದ ಬಡ್ಡಿ ಸೇರಿಸಿ 15,999 ರೂಪಾಯಿಗಳನ್ನು ಕಡಿತವಿಲ್ಲದೆ ಮರಳಿಸಿ ಎಂದು ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿದ್ದೇನೆ. 15 ದಿನಗಳಲ್ಲಿ ಉತ್ತರ ಬಾರದಿದ್ದರೆ ಠಾಣೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಇ-ಜಾಗೃತಿ ಪೋರ್ಟಲ್ ಮೂಲಕ ದೂರು ಸಲ್ಲಿಸುತ್ತೇವೆ. ಒಂದೇ ಬಗೆಯ ಅಹವಾಲು ಇರುವ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ಒಂದೇ ದೂರು ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. 1975ರಿಂದ ಈ ನಗರದಲ್ಲಿ ದುಡಿಯುತ್ತಿರುವ ಮುಂಬಯಿ ಗ್ರಾಹಕ ಪಂಚಾಯತಿನ ಸಲಹೆಯನ್ನೂ ಕೇಳಬೇಕೆಂದಿದ್ದೇವೆ. ಮುಂಬಯಿ, ಠಾಣೆ, ಪುಣೆಗಳಲ್ಲಿ ಹೀಗೆ ಮುಂಗಡ ಕಟ್ಟಿ ಕಾಯುತ್ತಿರುವ ಕನ್ನಡಿಗರು, ಅವರ ಮಕ್ಕಳು ಇದ್ದರೆ ತಮ್ಮ ರಸೀದಿ, ಕಂಪನಿಯಿಂದ ಬಂದ ಪತ್ರಗಳು, ಹಣ ಸಂದಾಯದ ದಾಖಲೆ ಇವುಗಳನ್ನು ಜೋಪಾನವಾಗಿ ಇಟ್ಟುಕೊಂಡು, ತಮ್ಮ ಅನುಭವವನ್ನು ಈ ಅಂಕಣಕ್ಕೆ ಬರೆಯಬೇಕೆಂದು ಕೋರುತ್ತೇನೆ. ನಮ್ಮ ಕಾಗದಗಳನ್ನೆಲ್ಲ ಮಗ ದಿನಾಂಕದ ಪ್ರಕಾರ ಫೈಲಿಗೆ ಸೇರಿಸಿದ್ದಾನೆ. ಲ್ಯಾಮಿಂಗ್ಟನ್ ರೋಡಿನಲ್ಲಿ ತೆಗೆದ ಆ ಲೇಬಲ್ಲಿನ ಫೋಟೊ ಎಲ್ಲಕ್ಕಿಂತ ಮೇಲಿದೆ.

ಇಂತು ತಮ್ಮ ವಿಶ್ವಾಸಿ,
ಓದುಗರೊಬ್ಬರು
ಡೊಂಬಿವಲಿ ಪೂರ್ವ