ಎಂಜಿನಿಯರ್ ಅಜ್ಜ ಲಿಂಗೈಕ್ಯ: ಮಣ್ಣು ಇವತ್ತು ಸಂಜೆ 4ಕ್ಕೆ

ಎಲ್ಲರಿಗೂ ಶರಣು. ನಮ್ಮ ಬೀದಿಯ ಎಂಜಿನಿಯರ್ ಅಜ್ಜ ನಿನ್ನೆ ರಾತ್ರಿ ದಾವಣಗೆರೆಯ ಮನೆಯಲ್ಲೇ ಲಿಂಗೈಕ್ಯರಾದರು. 90 ದಾಟಿತ್ತು.

1951ರಲ್ಲಿ ಶುರುವಾದ ನಮ್ಮೂರ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜಿನ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರು. ಸರ್ವಿಸೆಲ್ಲ ಭದ್ರಾ ಬಲದಂಡೆ ನಾಲೆಯ ಮೇಲೇ ಕಳೆಯಿತು. ನಿವೃತ್ತಿ ಆದ ಮೇಲೂ, ನಾಲೆಗೆ ನೀರು ಬಿಟ್ಟರೆ ಸಾಕು, ಕೊನೇ ಹೊಲಕ್ಕೆ ಮುಟ್ಟಿತಾ ಅಂತ ರೈತರಿಗೆ ಫೋನ್ ಮಾಡಿ ಕೇಳುತ್ತಿದ್ದರು. ಬಿಲ್ಲಿಗೆ ಸಹಿ ಹಾಕುವುದರಲ್ಲಿ ಮಹಾ ಬಿಗಿ. ಗುತ್ತಿಗೆದಾರರು ಬೈದುಕೊಂಡಿದ್ದೇ ಜಾಸ್ತಿ!

2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತಲ್ವಾ, 1933ರ ನಂತರ ಮೊದಲ ಸಲ? ಆ ವಯಸ್ಸಲ್ಲೂ ಹಟ ಹಿಡಿದು ಮೊಮ್ಮಕ್ಕಳ ಜೊತೆ ಹೋಗಿದ್ದರು. "1907ರಲ್ಲಿ ಮುಗಿದ ಕಟ್ಟೆ, ಗಾರೆಯದ್ದು, ಸರಿಯಾಗಿ ನೋಡ್ರೋ" ಅಂದರಂತೆ.

ಸೈಟಿನಲ್ಲಿದ್ದರೂ ಇಷ್ಟಲಿಂಗ ಪೂಜೆ ಬಿಟ್ಟವರಲ್ಲ. ಅಜ್ಜಿ ಹಾಸಿಗೆ ಹಿಡಿದಾಗ ತಾವೇ ಅಂಬಲಿ ಕುಡಿಸುತ್ತಿದ್ದರು.

ಮಣ್ಣು ಅವರ ತೋಟದಲ್ಲೇ, ಅಜ್ಜಿಯ ಸಮಾಧಿ ಪಕ್ಕ. ಹಾರ ತರಬೇಡಿ, ವಿಭೂತಿ ಸಾಕು ಅಂತ ಅಜ್ಜನೇ ಹೇಳಿಟ್ಟಿದ್ದರು. ಗುಂಪಿನಲ್ಲಿ ಸುಮ್ನೆ ಕೈಮುಗಿದ ಚಿತ್ರ ಕಳಿಸಬೇಡಿ, ಮನೆಗೆ ಬನ್ನಿ. ಕಾರಿದ್ದವರು ಬೀದಿಯ ಹಿರಿಯರನ್ನು ಕೂರಿಸಿಕೊಂಡು ಬನ್ನಿ.