ಫ್ರೆಡ್ಡಿಯ ಕೈಗವಸಿಗೆ ಹಸಿರು ಬಣ್ಣ ಬೇಡ

ಮಾನ್ಯ ಸಂಪಾದಕರೆ,

ವೆಸ್ ಕ್ರೇವನ್ ನಿರ್ದೇಶನದ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ (1984) ಚಿತ್ರದಲ್ಲಿ ಕನಸಿನೊಳಗೆ ಬಂದು ಕೊಲ್ಲುವ ಫ್ರೆಡ್ಡಿ ಕ್ರೂಗರ್‌ನ ಬೆರಳ ಬೆನ್ನಿಗೆ ತಾಮ್ರದ ತಗಡು ಕೂಡಿಸಿದ, ನಾಲ್ಕು ಅಲಗಿನ ಚರ್ಮದ ಕೈಗವಸನ್ನು ಮನೆಯಲ್ಲೇ ಮಾಡಿಕೊಳ್ಳುವ ಸಂಗ್ರಾಹಕರು ನಮ್ಮಲ್ಲೂ ಇದ್ದಾರೆ. ತಗಡಿನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದವರೂ ಕೊನೆಗೆ ಎಡವುವುದು ಬಣ್ಣದಲ್ಲಿ. ತಾಮ್ರ ಹಳತಾದರೆ ಕಿಲುಬು ಎಂದುಕೊಂಡು ಹಸಿರು ಬಳಿದುಬಿಡುತ್ತಾರೆ. ಚಿತ್ರದ ಆರಂಭದಲ್ಲೇ ಈ ಕೈಗವಸು ತಯಾರಾಗುವ ದೃಶ್ಯವಿದೆ; ನಿಲ್ಲಿಸಿ ನಿಲ್ಲಿಸಿ ನೋಡಲಿ. ಅದು ಮಸಿ, ಎಣ್ಣೆ ಹಿಡಿದ ಕಂದು ತಾಮ್ರ, ಬಾವಿಕಟ್ಟೆಯಲ್ಲಿ ಮರೆತುಬಂದ ಕೊಡವಲ್ಲ. ಮುಂದಿನ ಭಾಗಗಳ ಕೈಗವಸುಗಳು ಬೇರೆ ಬೇರೆ. ಅವುಗಳ ಚಿತ್ರ ನೋಡಿ ಅಳತೆ ಬೆರೆಸಬಾರದು.

ಬೆರಳಿನ ಅಳತೆಯನ್ನು ಮುಷ್ಟಿ ಕಟ್ಟಿಯೇ ತೆಗೆಯಬೇಕು. ಮಡಚಿದಾಗ ಬೆರಳಿನ ಬೆನ್ನು ಉದ್ದವಾಗುತ್ತದೆ. ಚಾಚಿದ ಕೈಗೆ ಅಳೆದರೆ ಗೆಣ್ಣಿನ ಬಳಿ ಬಿಗಿದು ಹೊಲಿಗೆ ಕಿತ್ತುಬರುತ್ತದೆ. 22 ಗೇಜಿನ ತಾಮ್ರದ ತಗಡು ಸಾಕು. ಬಡಿದಂತೆಲ್ಲ ತಾಮ್ರ ಗಡುಸಾಗಿ ಅಂಚು ಸೀಳುವುದರಿಂದ, ಮಂದ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮತ್ತೆ ಮೆದು ಮಾಡಿಕೊಳ್ಳಬೇಕು. ರೇಡಿಯೊ ರಿಪೇರಿಯ 25 ವ್ಯಾಟ್ ಸಾಲ್ಡರಿಂಗ್ ಐರನ್ ಇಲ್ಲಿ ನಡೆಯದು, ಶಾಖವನ್ನೆಲ್ಲ ತಗಡೇ ಎಳೆದುಕೊಳ್ಳುತ್ತದೆ. ಸಣ್ಣ ಗ್ಯಾಸ್ ಟಾರ್ಚ್ ಬೇಕು. ಮೊದಲ ಬೆಸುಗೆ ಬಿಟ್ಟುಕೊಳ್ಳದಂತೆ ಅದರ ಮೇಲೆ ಒದ್ದೆ ಬಟ್ಟೆ ಸುತ್ತಿ ಎರಡನೆಯದನ್ನು ಹಾಕಬೇಕು. ಉಕ್ಕಿ ಗಟ್ಟಿಯಾದ ಬೆಸುಗೆಯನ್ನು ಅರದಿಂದ ಉಜ್ಜಿ ನುಣುಪು ಮಾಡುವವರಿದ್ದಾರೆ. ಬೇಡ. ಆ ಒರಟುತನವೇ ಇದರ ಲಕ್ಷಣ. ಬೆಸುಗೆ ಹಿಡಿಯಲೆಂದು ಹಚ್ಚಿದ ಫ್ಲಕ್ಸನ್ನು ಮಾತ್ರ ಅಡುಗೆ ಸೋಡಾ ನೀರಿನಲ್ಲಿ ಪೂರ್ತಿ ತೊಳೆಯಬೇಕು, ಉಳಿದಲ್ಲೆಲ್ಲ ತಿಂಗಳೊಳಗೆ ಹಸಿರು ಚುಕ್ಕೆ ಏಳುತ್ತದೆ.

ಬಣ್ಣಕ್ಕೆ ದುಬಾರಿ ರಾಸಾಯನಿಕ ಬೇಕಿಲ್ಲ. ಹುಣಸೆಹಣ್ಣು, ಉಪ್ಪು ಹಾಕಿ ತಾಮ್ರವನ್ನು ತಿಕ್ಕಿ ತೊಳೆದು, ಒರೆಸಿ, ಬರಿಗೈ ತಾಗಿಸದೆ ಮುಚ್ಚಳದ ಡಬ್ಬಿಯಲ್ಲಿಡಿ. ಬೆರಳಿನ ಜಿಡ್ಡು ತಾಗಿದ ಕಡೆ ಬಣ್ಣ ಹಿಡಿಯದೆ ಗುರುತು ಉಳಿಯುತ್ತದೆ. ಗಟ್ಟಿಯಾಗಿ ಬೇಯಿಸಿದ ಎರಡು ಮೊಟ್ಟೆಗಳನ್ನು ಬಿಸಿಯಿರುವಾಗಲೇ ಹಿಸುಕಿ, ತಾಮ್ರಕ್ಕೆ ತಾಗದಂತೆ ಪಕ್ಕದಲ್ಲಿಟ್ಟು ಮುಚ್ಚಿ. ಮೊಟ್ಟೆಯ ಗಂಧಕ ತಾಮ್ರವನ್ನು ಹೊಂಬಣ್ಣದಿಂದ ಕಂದಿಗೆ, ಬಿಟ್ಟರೆ ಕಪ್ಪಿಗೆ ಒಯ್ಯುತ್ತದೆ. ಗಂಟೆಗೊಮ್ಮೆ ಇಣುಕಿ, ಕಂದು ಬಂದ ಕೂಡಲೆ ತೆಗೆಯಿರಿ. ಆಮೇಲೆ ನುಣ್ಣನೆ ಸ್ಟೀಲ್ ವುಲ್‌ನಿಂದ ಉಬ್ಬುಗಳನ್ನಷ್ಟೇ ಉಜ್ಜಿದರೆ ಸವೆದ ನೋಟ ಬರುತ್ತದೆ. ಬೆಸುಗೆ ಮೊದಲು, ಬಣ್ಣ ಆಮೇಲೆ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಚರ್ಮದೊಳಗಿನ ಎಣ್ಣೆಗೂ ತಾಮ್ರಕ್ಕೂ ಆಗಿಬರುವುದಿಲ್ಲವಾದ್ದರಿಂದ ಜೋಡಿಸುವ ಮುನ್ನ ತಗಡಿನ ಒಳಮೈಗೆ ಮೇಣ ಹಚ್ಚಬೇಕು.

ಅಲಗಿಗೆ 1 ಮಿ.ಮೀ. ಸ್ಟೇನ್‌ಲೆಸ್ ತಗಡು ಸಾಕು. ಸಾಣೆ ಹಿಡಿದು ಹರಿತ ಮಾಡುವ ಚಪಲ ಬೇಡ. ಅಂಚನ್ನು ಮೊಂಡಾಗಿಯೇ ಬಿಟ್ಟು ತುದಿಯನ್ನು ಅರದಿಂದ ದುಂಡಗೆ ಮಾಡಬೇಕು. ರಿವೆಟ್ ಬದಲು ಸಣ್ಣ ಸ್ಕ್ರೂ ಹಾಕಿದರೆ ಅಲಗು ಬಿಚ್ಚಲು ಬರುತ್ತದೆ. ಕಾಮಿಕ್ ಮೇಳಗಳಲ್ಲಿ ಸಾಮಾನ್ಯವಾಗಿ ಲೋಹದ ಅಲಗನ್ನು ಒಳಗೆ ಬಿಡುವುದಿಲ್ಲ. ಅದೇ ಅಳತೆಯ ಪ್ಲಾಸ್ಟಿಕ್ ಅಲಗುಗಳನ್ನು ಬೆಳ್ಳಿ ಬಣ್ಣ ಹೊಡೆದು ಜೊತೆಗಿಟ್ಟುಕೊಂಡರೆ ಬಾಗಿಲಲ್ಲಿ ವಾದಿಸುವ ಪ್ರಮೇಯ ಬರುವುದಿಲ್ಲ.

– ಸಿನಿಮಾ ಪರಿಕರ ಸಂಗ್ರಾಹಕರು, ಬೆಂಗಳೂರು